ಅಪ್‌ಡೇಟ್: ಅಪ್ಪನಿಗೆ ತೊಗರಿ ಬೆಳೆ ಪರಿಹಾರ ಬಂತು, ತಡವಾದ ಕಾರಣವೂ ತಿಳಿಯಿತು

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿಯ ಪ್ರವಾಹಕ್ಕೆ ನಮ್ಮ ತೊಗರಿ ಕೊಳೆತುಹೋಗಿತ್ತು. ಅಕ್ಕಪಕ್ಕದ ಹೊಲದವರಿಗೆಲ್ಲ ಪರಿಹಾರ ಜಮೆಯಾದರೂ ಅಪ್ಪನಿಗೆ ಏಕೆ ಬಂದಿಲ್ಲವೆಂದು ಈ ಹಿಂದೆ ಕೇಳಿದ್ದೆ. ದಾರಿ ತೋರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಹಾನಿಯ ಸಮೀಕ್ಷೆಯಲ್ಲಿ ನಮ್ಮ ಹೊಲ ಸೇರಿಯೇ ಇತ್ತು. ಪರಿಹಾರದ ಹಣವು ನಾವು ಕೊಟ್ಟ ಪಾಸ್‌ಬುಕ್ಕಿನ ಖಾತೆಗೆ ಬರುವುದಿಲ್ಲ, ಎನ್‌ಪಿಸಿಐನಲ್ಲಿ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೇ ಹೋಗುತ್ತದೆ. ಅಪ್ಪನ ಆಧಾರ್ ಮಾತ್ರ ವರ್ಷಗಳಿಂದ ವಹಿವಾಟಿಲ್ಲದೆ ಸ್ಥಗಿತಗೊಂಡಿದ್ದ ಹಳೆಯ ಖಾತೆಯಲ್ಲಿ ಉಳಿದುಕೊಂಡಿತ್ತು. ಗ್ರಾಮ ಆಡಳಿತಾಧಿಕಾರಿಯವರು ಪಹಣಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸಿದಾಗ, ಒಂದು ಸರ್ವೆ ನಂಬರ್ ರೈತರ ವಿವರಗಳಿರುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಅಪ್ಪನ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಸೇರಿಲ್ಲವೆಂಬುದೂ ಗೊತ್ತಾಯಿತು. ಎರಡನ್ನೂ ಸರಿಪಡಿಸಿಕೊಂಡೆವು. ಕಳೆ ಕಿತ್ತು ಸವೆದ ಅಪ್ಪನ ಹೆಬ್ಬೆರಳನ್ನು ಬ್ಯಾಂಕಿನ ಯಂತ್ರ ನಾಲ್ಕು ಬಾರಿ ಗುರುತಿಸಲೇ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಒತ್ತಿದಾಗ ಐದನೆಯ ಬಾರಿಗೆ ಒಪ್ಪಿತು.

ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಮಳೆಯಾಶ್ರಿತ ಬೆಳೆಗೆ ವಿಪತ್ತು ಪರಿಹಾರ ನಿಧಿಯ ಆಗಿನ ಮಾನದಂಡದಂತೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರ್‌ವರೆಗೆ ಸಿಗುತ್ತಿತ್ತು. ಆ ವರ್ಷ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿತು. ಬೀಜ, ಗೊಬ್ಬರ, ಆಳಿನ ಕೂಲಿಗೆ ಇದು ಸಾಲದು, ಆದರೂ ಹಿಂಗಾರಿ ಜೋಳದ ಬಿತ್ತನೆಗೆ ಮಾಡಿದ್ದ ಕೈಸಾಲ ತೀರಿತು.

ನನ್ನನ್ನು ಈಗಲೂ ಕಾಡುವುದು ನಮ್ಮ ಪಕ್ಕದ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಮಾಡಿದ ಕಾಕಾ ಅವರ ಸ್ಥಿತಿ. ಬೆಳೆ ಕಳೆದುಕೊಂಡವರು ಅವರು, ಹಣ ಹೋದದ್ದು ಪಹಣಿಯಲ್ಲಿ ಹೆಸರಿದ್ದ ಮಾಲೀಕರಿಗೆ. ಅಂಥವರಿಗೆ ಪರಿಹಾರ ಪಡೆಯುವ ಮಾರ್ಗವಿದ್ದರೆ ದಯವಿಟ್ಟು ತಿಳಿಸಿ.