ಇಸಬಿನ ಮುಲಾಮು: ಎಷ್ಟು ಹಚ್ಚಬೇಕು, ಎಲ್ಲಿಯವರೆಗೆ?

ಕೇಳಿದವರು, ಡೊಂಬಿವಲಿ:
ನಾಲ್ಕು ವರ್ಷದ ಮಗಳಿಗೆ ಮೊಣಕೈ ಮಡಿಕೆಯಲ್ಲಿ ಮತ್ತು ಮಂಡಿಯ ಹಿಂದೆ ಇಸಬು. ರಾತ್ರಿಯೆಲ್ಲ ತುರಿಸಿಕೊಳ್ಳುತ್ತಾಳೆ. ಚರ್ಮದ ಡಾಕ್ಟರು ಶೇ. 1ರ ಹೈಡ್ರೊಕಾರ್ಟಿಸೋನ್ ಬರೆದುಕೊಟ್ಟಿದ್ದಾರೆ. ಸ್ಟಿರಾಯ್ಡ್ ಎಂದು ಕೇಳಿ ಅತ್ತೆಯವರು ಬೇಡವೇ ಬೇಡ ಎನ್ನುತ್ತಿದ್ದಾರೆ. ಯಜಮಾನರ ಅಂಗೈಗೂ ಇಸಬಿದೆ. ಅವರ ಟ್ಯೂಬನ್ನೇ ಮಗುವಿಗೆ ಹಚ್ಚಬಹುದೇ?

ಮಾಟುಂಗಾದಿಂದ:
ತಂಗಿ, ಯಜಮಾನರ ಟ್ಯೂಬನ್ನು ಮಗುವಿಗೆ ಖಂಡಿತ ಮುಟ್ಟಿಸಬೇಡಿ. ಅಂಗೈ ಚರ್ಮ ದಪ್ಪ, ಅದಕ್ಕೆ ಕ್ಲೊಬೆಟಾಸೋಲ್‌ನಂಥ ಅತಿ ಪ್ರಬಲ ಮುಲಾಮು ಕೊಟ್ಟಿರಬಹುದು. ಮಕ್ಕಳ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ಹರವೂ ಹೆಚ್ಚು. ಔಷಧ ಒಳಗೆ ಇಳಿಯುವುದೂ ಹೆಚ್ಚು. ನಿಮಗೆ ಬರೆದುಕೊಟ್ಟಿರುವುದು ಸ್ಟಿರಾಯ್ಡ್ ಮುಲಾಮುಗಳಲ್ಲೇ ಅತ್ಯಂತ ಸೌಮ್ಯವಾದದ್ದು. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ತಿಳಿಸಿ.

ಹೆದರಿ ಚೂರೇ ಚೂರು ಸವರಿದರೆ ಇಸಬು ಆರುವುದಿಲ್ಲ, ಔಷಧದ ದಿನಗಳು ಮಾತ್ರ ಉದ್ದವಾಗುತ್ತವೆ. ನನ್ನ ಮಗನ ಡಾಕ್ಟರು ತೋರಿಸಿಕೊಟ್ಟ ಅಳತೆ ಹೀಗಿದೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಮಗುವಿಗೆ ಹಚ್ಚುವಾಗಲೂ ಅಳತೆ ನಿಮ್ಮ ಬೆರಳಿನದೇ. ಚುಕ್ಕಿ ಚುಕ್ಕಿಯಾಗಿ ಇಟ್ಟು, ಕೂದಲು ಬೆಳೆದ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಚರ್ಮ ತುಸು ಮಿನುಗಿದರೆ ಸರಿ, ಗಸಗಸ ತಿಕ್ಕುವುದು ಬೇಡ. ಮಾಯಿಶ್ಚರೈಸರ್ ಮತ್ತು ಮುಲಾಮಿನ ನಡುವೆ ಅರ್ಧ ಗಂಟೆ ಬಿಡಿ.

ನಿಲ್ಲಿಸುವುದು ಯಾವಾಗ ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ನಮ್ಮ ಮೈಬಣ್ಣದಲ್ಲಿ ಇಸಬು ಕೆಂಪಾಗಿ ಕಾಣದೆ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿರಬಹುದು. ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬಿ: ಮುಟ್ಟಿದಾಗ ಒರಟುತನ, ಗಡಸುತನ ಹೋಗಿ, ತುರಿಕೆಯೂ ನಿಂತಿದ್ದರೆ ಆರಿದಂತೆ. ಉಳಿದ ಕಪ್ಪು ಅಥವಾ ಬಿಳುಪು ಕಲೆ ತಿಂಗಳುಗಟ್ಟಲೆ ಇರಬಹುದು, ಅದನ್ನು ಅಳಿಸಲು ಮುಲಾಮು ಮುಂದುವರಿಸಬೇಡಿ. ಡಾಕ್ಟರು ಹೇಳಿದ ಅವಧಿಯೊಳಗೆ ಆರದಿದ್ದರೆ ಅವರನ್ನೇ ಮತ್ತೆ ಕಾಣಿ. ಪದೇ ಪದೇ ಮರುಕಳಿಸುವವರಿಗೆ ಆರಿದ ಜಾಗಕ್ಕೇ ವಾರದಲ್ಲಿ ಎರಡು ದಿನ ಹಚ್ಚಿಸುವ ಪದ್ಧತಿಯೂ ಇದೆ, ಅದನ್ನೂ ಅವರೇ ಹೇಳಬೇಕು.

ಪುಣೆಯಿಂದ:
ನನ್ನ ಇಸಬು ಕಣ್ಣಿನ ರೆಪ್ಪೆಯದು. ಅಲ್ಲಿ ಸ್ಟಿರಾಯ್ಡ್ ಬಹುಕಾಲ ಬಳಸಿದರೆ ಕಣ್ಣಿನ ಒತ್ತಡ ಏರುವ, ಪೊರೆ ಬರುವ ಭಯವಿದೆ ಎಂದು ಡಾಕ್ಟರು ಟ್ಯಾಕ್ರೊಲಿಮಸ್ ಕೊಟ್ಟರು. ಅದು ಸ್ಟಿರಾಯ್ಡ್ ಅಲ್ಲ, ಚರ್ಮವನ್ನು ತೆಳುವಾಗಿಸುವುದಿಲ್ಲ. ದೊಡ್ಡವರಿಗೆ ಶೇ. 0.1, ಎರಡು ವರ್ಷ ದಾಟಿದ ಮಕ್ಕಳಿಗೆ ಶೇ. 0.03. ಮೊದಮೊದಲು ಮೆಣಸಿನಕಾಯಿ ತಾಗಿದಂತೆ ಉರಿಯುತ್ತದೆ, ಆಮೇಲೆ ತಗ್ಗುತ್ತದೆ. ಹಚ್ಚಿಕೊಂಡ ಭಾಗವನ್ನು ಬಿಸಿಲಿನಿಂದ ಕಾಪಾಡಿಕೊಳ್ಳಬೇಕು. ಡಿಸೆಂಬರಿನ ಇಲ್ಲಿನ ಒಣ ಚಳಿಯಲ್ಲಿ ಸ್ನಾನವಾದ ಕೂಡಲೇ ಮಾಯಿಶ್ಚರೈಸರ್ ಹಚ್ಚಿದ್ದು ಮುಲಾಮಿನಷ್ಟೇ ನೆರವಾಯಿತು.

ಮಡಗಾಂವಿನಿಂದ:
ಇಲ್ಲಿನ ಮಳೆಗಾಲದಲ್ಲಿ ಒಳಬಟ್ಟೆ ಒಣಗುವುದೇ ಇಲ್ಲ, ತೊಡೆಸಂದಿಯ ಕಜ್ಜಿ ಮನೆಮನೆಯಲ್ಲೂ ಇದೆ. ನನ್ನ ತಮ್ಮ ಅದನ್ನು ಇಸಬೆಂದುಕೊಂಡು ಔಷಧದ ಅಂಗಡಿಯಲ್ಲಿ ಕೇಳಿದಾಗ ಚೀಟಿಯಿಲ್ಲದೆ ಟ್ಯೂಬು ಕೊಟ್ಟುಬಿಟ್ಟರು; ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರದ ಔಷಧ ಮೂರೂ ಬೆರೆಸಿದ್ದು. ತುರಿಕೆ ತಕ್ಷಣ ನಿಂತಿತು, ಕಜ್ಜಿ ಮಾತ್ರ ಸೊಂಟದವರೆಗೆ ಹರಡಿತು. ಅದು ಗಜಕರ್ಣ. ಸ್ಟಿರಾಯ್ಡ್ ಅದರ ಗುರುತನ್ನು ಮರೆಮಾಡಿ ಒಳಗೊಳಗೇ ಬೆಳೆಸುತ್ತದೆ. ಇಂಥ ಮುಲಾಮುಗಳನ್ನು ಸರಕಾರ 2018ರಲ್ಲೇ ಚೀಟಿ ಕಡ್ಡಾಯದ ಪಟ್ಟಿಗೆ ಸೇರಿಸಿದೆ. ಆದರೂ ಅಂಗಡಿಯವರು ಕೊಡುತ್ತಾರೆ, ನಾವೂ ಕೇಳುತ್ತೇವೆ. ದಯವಿಟ್ಟು ಕೇಳಬೇಡಿ.

ಠಾಣೆಯಿಂದ:
ಅಕ್ಕ, ಹಚ್ಚಿದ ಜಾಗಕ್ಕೆ ಬ್ಯಾಂಡೇಜು, ಪ್ಲಾಸ್ಟಿಕ್ ಸುತ್ತಬೇಡಿ. ಔಷಧ ಹೆಚ್ಚು ಹೀರಿಕೊಳ್ಳುತ್ತದೆ. ಡೈಪರ್ ಒಳಗೂ ಹಾಗೆಯೇ. ಹಳದಿ ಹಕ್ಕಳೆ, ಕೀವು, ಜ್ವರ, ನೋಯುವ ಸಣ್ಣ ಗುಳ್ಳೆಗಳ ಗುಂಪು ಕಂಡರೆ ಅದೇ ದಿನ ಡಾಕ್ಟರ ಬಳಿ ಕರೆದೊಯ್ಯಿರಿ. ಮಗಳ ಉಗುರನ್ನು ಇವತ್ತೇ ಗಿಡ್ಡ ಕತ್ತರಿಸಿ.