ಹೌಸ್‌ಹೋಲ್ಡ್ ಅನ್ನೋದಕ್ಕೆ ಯಾವ ಪದ: ಕುಟುಂಬ, ಮನೆ, ಸಂಸಾರ, ಒಕ್ಕಲು?

ಎಲ್ಲರಿಗೂ ನಮಸ್ಕಾರ.

ಪೀಣ್ಯ, ಲಗ್ಗೆರೆ ಕಡೆಯ ಬಾಡಿಗೆದಾರರ ಬಗ್ಗೆ ಒಂದು ಸಮೀಕ್ಷೆಗೆ ಪ್ರಶ್ನಾವಳಿ ಬರೆಯುತ್ತಿದ್ದೇವೆ. ಬಾಡಿಗೆ, ನೀರು, ಊಟದ ಖರ್ಚು, ಊರಿಗೆ ಕಳಿಸುವ ದುಡ್ಡು, ಇಷ್ಟೇ ವಿಷಯ. ಉಳಿದ ಪ್ರಶ್ನೆಗಳು ಒಂದು ಹದಕ್ಕೆ ಬಂದಿವೆ. ‘ಹೌಸ್‌ಹೋಲ್ಡ್’ ಅನ್ನೋದಕ್ಕೆ ಮಾತ್ರ ಪದ ಸಿಗುತ್ತಿಲ್ಲ.

ಮನೆಮನೆಯ ಖರ್ಚುವೆಚ್ಚ ಕೇಳುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಶುರುವಾಯಿತು. ಅದರಲ್ಲೂ ಜನಗಣತಿಯಲ್ಲೂ ‘ಹೌಸ್‌ಹೋಲ್ಡ್’ಗೆ ಹೆಚ್ಚುಕಡಿಮೆ ಒಂದೇ ಅರ್ಥ: ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು. ರಕ್ತಸಂಬಂಧ ಇರಲೇಬೇಕು ಅಂತಿಲ್ಲ. ಒಬ್ಬರೇ ಇದ್ದು ಬೇಯಿಸಿಕೊಂಡರೂ ಅದು ಒಂದು ಹೌಸ್‌ಹೋಲ್ಡ್.

ಫಾರಂಗಳಲ್ಲಿ ಸಾಮಾನ್ಯವಾಗಿ ‘ಕುಟುಂಬ’ ಅಂತಲೇ ಬರುತ್ತದೆ. ಓದಲು ಚೆನ್ನಾಗಿದೆ. ಬಾಗಿಲಲ್ಲಿ ನಿಂತು ಕೇಳಿದರೆ ಬೇರೆಯೇ ಆಗುತ್ತದೆ. ಯಾದಗಿರಿ ಕಡೆಯ ಮೂವರು ಹುಡುಗರು ಒಂದು ರೂಮಿನಲ್ಲಿದ್ದಾರೆ. ಒಂದೇ ಕುಕ್ಕರ್, ಸರದಿ ಮೇಲೆ ಅಡುಗೆ, ದಿನಸಿ ಲೆಕ್ಕ ಗೋಡೆಯ ಕ್ಯಾಲೆಂಡರ್ ಮೇಲೆ. ‘ನಿಮ್ಮ ಕುಟುಂಬದಲ್ಲಿ ಎಷ್ಟು ಜನ?’ ಅಂದರೆ, ‘ಕುಟುಂಬ ಊರಾಗ ಅದ ರೀ, ಏಳು ಮಂದಿ’ ಅನ್ನುತ್ತಾರೆ. ನಮಗೆ ಬೇಕಾಗಿದ್ದು ಆ ಮೂವರ ಲೆಕ್ಕ. ಕೆಲವು ಹಿರಿಯರ ಬಾಯಲ್ಲಿ ಕುಟುಂಬ ಅಂದರೆ ಹೆಂಡತಿ ಅಂತಲೂ ಇದೆ, ಅಲ್ವಾ? ಇನ್ನು ಕೆಲವರು ಸೀದಾ ಒಳಗೆ ಹೋಗಿ ರೇಷನ್ ಕಾರ್ಡ್ ತರುತ್ತಾರೆ. ಅದರಲ್ಲಿ ಇರುವವರೇ ಕುಟುಂಬ ಅಂತ. ಮದುವೆಯಾಗಿ ಹೋದ ಮಗಳ ಹೆಸರು ಅದರಲ್ಲಿ ಇನ್ನೂ ಇರಬಹುದು, ಈಗ ಜೊತೆಗಿರುವ ತಮ್ಮನ ಹೆಸರು ಇಲ್ಲದಿರಬಹುದು.

‘ಯಜಮಾನಿ’ ಪದದ ಕಥೆಯೂ ಹಾಗೆ. 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲೆ ಯಜಮಾನಿ ಅಂದರೆ ತಿಂಗಳಿಗೆ 2,000 ರೂಪಾಯಿ ಯಾರ ಖಾತೆಗೆ ಬರುತ್ತದೋ ಅವರು. ಮನೆಯಲ್ಲಿ ತೀರ್ಮಾನ ಯಾರದು ಅಂತ ತಿಳಿಯಬೇಕಿದ್ದರೆ ಆ ಪದ ಬಿಟ್ಟು, ‘ದೊಡ್ಡ ಖರ್ಚು ಬಂದರೆ ಯಾರನ್ನು ಕೇಳಿ ಮಾಡುತ್ತೀರಿ?’ ಅಂತ ಕೇಳುವುದೇ ವಾಸಿ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ನಿಮಗೆ ಅನ್ನಿಸಬಹುದು. ಕೆಳಗಿನ ಮನೆಯಲ್ಲಿ ಅಪ್ಪ ಅಮ್ಮ ಸೇರಿ ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಮೇಲಿನ ಮಹಡಿಯಲ್ಲಿ ಮಗ, ಸೊಸೆ, ಮಗು. ಅಡುಗೆ ಬೇರೆ ಬೇರೆ. ಕೆಳಗಿನ ಊಟದ ಖರ್ಚು ತಿಂಗಳಿಗೆ 12,000. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 3,000. ಆದರೆ ತಾಯಿ ‘ಕುಟುಂಬ’ ಅಂದಾಗ ಏಳು ಜನ ಅಂತ ಹೇಳಿ, ಖರ್ಚು ಮಾತ್ರ ತಮ್ಮ ಅಡುಗೆಮನೆಯದ್ದೇ ಹೇಳಿದರೆ ಅದು ಸುಮಾರು 1,700ಕ್ಕೆ ಇಳಿಯುತ್ತದೆ. ಆ ಮನೆ ಸುಮ್ನೆ ಬಡವರ ಸಾಲಿಗೆ ಬಿತ್ತು. ಯಾರೂ ಸುಳ್ಳು ಹೇಳಿಲ್ಲ. ಸ್ಯಾಂಪಲ್ ಎಷ್ಟೇ ದೊಡ್ಡದಿದ್ದರೂ ಇದು ಸರಿಹೋಗುವುದಿಲ್ಲ, ಯಾಕೆಂದರೆ ತಪ್ಪು ಪ್ರಶ್ನೆಯಲ್ಲೇ ಇದೆ.

‘ಮನೆ’ ಹಾಕೋಣ ಅಂದರೆ ಅದು ಕಟ್ಟಡವೂ ಹೌದು. ‘ನಂದು ಆರು ಮನೆ, ಐದು ಬಾಡಿಗೆಗೆ ಕೊಟ್ಟಿದ್ದೀನಿ’ ಅನ್ನುವ ಓನರ್‌ಗಳ ಊರು ಇದು. ‘ಸಂಸಾರ’ ಅಂದರೆ ಮದುವೆಯಾದವರು ಅಂತಾಗುತ್ತದೆ, ಆ ಹುಡುಗರು ಮತ್ತೆ ಹೊರಗೆ. ‘ಒಕ್ಕಲು’ ನನಗೆ ತುಂಬ ಇಷ್ಟ. ಹಳ್ಳಿಯಲ್ಲಿ ‘ನಮ್ಮೂರಲ್ಲಿ ಐವತ್ತು ಒಕ್ಕಲು’ ಅಂದರೆ ಮನೆಗಳ ಲೆಕ್ಕವೇ. ಆದರೆ ಬೆಂಗಳೂರಲ್ಲಿ ‘ನೀವು ಎಷ್ಟು ಒಕ್ಕಲು?’ ಅಂದರೆ ಜಾತಿ ಕೇಳಿದ ಹಾಗೆ ಕೇಳಿಸುತ್ತದೆ. ಆಮೇಲೆ ಆ ಮನೆಯಲ್ಲಿ ಮುಂದಿನ ಪ್ರಶ್ನೆ ಕೇಳುವುದೇ ಕಷ್ಟ.

ಅರ್ಥಕ್ಕೆ ತೀರ ಹತ್ತಿರ ಇರುವುದು ‘ಒಲೆ’. ಅಣ್ಣ ತಮ್ಮ ಬೇರೆಯಾದರೆ ‘ಬೇರೆ ಒಲೆ ಹೂಡಿದರು’ ಅನ್ನುತ್ತೇವೆ. ಆ ಸಮೀಕ್ಷೆ, ಜನಗಣತಿಗಳ ಅರ್ಥದಲ್ಲಿ ಹೇಳಿರುವುದೂ ಅದನ್ನೇ. ಆದರೆ ಒಲೆ ಅಂದ ತಕ್ಷಣ ‘ಒಲೆ ಇಲ್ಲ, ಗ್ಯಾಸ್ ಇದೆ’ ಅನ್ನುವವರಿದ್ದಾರೆ.

ಹಾಗಾಗಿ ಒಂದೇ ಪದದ ಆಸೆ ಬಿಟ್ಟು ಹೀಗೆ ಬರೆದಿದ್ದೇನೆ: ‘ಇಲ್ಲಿ ನಿಮ್ಮ ಜೊತೆ ಇದ್ದು, ನಿಮ್ಮ ಅಡುಗೆಯನ್ನೇ ಊಟ ಮಾಡುವವರು ಯಾರು ಯಾರು? ಹೆಸರು ಹೇಳ್ತಾ ಹೋಗಿ.’ ಎಣಿಸುವ ಕೆಲಸ ಅವರದ್ದಲ್ಲ, ನಮ್ಮದು. ಹೆಸರು ಬರೆದುಕೊಂಡ ಮೇಲೆ ‘ಊರಿಗೆ ಹೋದವರು, ನೈಟ್ ಶಿಫ್ಟ್‌ಗೆ ಹೋದವರು ಯಾರಾದರೂ ಬಿಟ್ಟುಹೋದರಾ?’ ಅಂತ ಇನ್ನೊಮ್ಮೆ. ಪಿಜಿ, ಹಾಸ್ಟೆಲ್‌ಗಳಿಗೆ ಬೇರೆ ಫಾರಂ ಇದೆ, ಅವನ್ನು ಇದರಲ್ಲಿ ಸೇರಿಸುವುದಿಲ್ಲ.

ಬಾಗಿಲಲ್ಲಿ ಕೇಳಲು ಇದು ಸಾಕು. ಆದರೆ ಟೇಬಲ್‌ನ ತಲೆಬರಹಕ್ಕೆ, ವರದಿಗೆ ಒಂದು ಗಿಡ್ಡ ಪದ ಬೇಕೇ ಬೇಕು. ‘ಒಂದಡುಗೆ ಮನೆ’ ಅಂತ ಹಾಕಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಧಾರವಾಡ, ಕಲಬುರಗಿ ಕಡೆಯವರು ‘ಮನೆತನ’ವನ್ನು ಈ ಅರ್ಥದಲ್ಲಿ ಬಳಸುತ್ತೀರಾ, ಇಲ್ಲ ಅದು ವಂಶಕ್ಕೆ ಮಾತ್ರವಾ? ಕರಾವಳಿ, ಮಲೆನಾಡಿನವರ ಕಡೆ ಬೇರೆ ಪದ ಇದ್ದರೆ ಅದನ್ನೂ ತಿಳಿಸಿ. ನಿಘಂಟಿನ ಅರ್ಥಕ್ಕಿಂತ ನಿಮ್ಮ ಮನೆಯವರು, ಅಕ್ಕಪಕ್ಕದವರು ಆಡುವ ಒಂದು ವಾಕ್ಯ ಬರೆದು ಕಳಿಸಿದರೆ ನಮಗೆ ಜಾಸ್ತಿ ಉಪಯೋಗ.