ಅಪ್ಪನದು ‘ಸಣ್ಣ’ ಲಕ್ವಾ, ದೊಡ್ಡಪ್ಪನದು ‘ದೊಡ್ಡ’ ಲಕ್ವಾ: ಮುಂದಿನ ವರ್ಷಗಳು ಹೇಗಿರುತ್ತವೆ?

ಪ್ರಶ್ನೆ (ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಆರು ತಿಂಗಳೊಳಗೆ ನಮ್ಮ ಮನೆಯ ಇಬ್ಬರಿಗೆ ಲಕ್ವಾ ಹೊಡೆಯಿತು. ಶ್ರಾವಣದಲ್ಲಿ ದೊಡ್ಡಪ್ಪನವರ ಬಲಗೈ, ಬಲಗಾಲು ಪೂರ್ತಿ ಬಿದ್ದುಹೋಗಿ ಮಾತೂ ನಿಂತಿತು. ಕಲಬುರಗಿಯಲ್ಲಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದವರು ದೀಪಾವಳಿಗೆ ಮೊದಲೇ ತೀರಿಕೊಂಡರು. ಸಂಕ್ರಾಂತಿಯ ಮರುದಿನ, 61 ವರ್ಷದ ಅಪ್ಪ ಊಟಕ್ಕೆ ಕುಳಿತಿದ್ದಾಗ ಅವರ ಎಡಗೈ ಜೋತುಬಿತ್ತು. ರೊಟ್ಟಿ ಹಿಡಿದಿದ್ದ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡು ರೊಟ್ಟಿ ತಾಟಿನಲ್ಲಿ ಬಿದ್ದದ್ದನ್ನು ನಾನು ಎದುರಿಗೇ ಕುಳಿತು ನೋಡಿದೆ. ಐದನೆಯ ದಿನ ಅವರು ನಡೆದುಕೊಂಡೇ ಮನೆಗೆ ಬಂದರು.

ದೊಡ್ಡಪ್ಪನವರ ಕಾಗದದಲ್ಲಿ ‘ಕಾರ್ಡಿಯೋಎಂಬಾಲಿಕ್’ ಎಂದಿತ್ತು, ಅಪ್ಪನ ಎಂ.ಆರ್.ಐ. ವರದಿಯಲ್ಲಿ ‘ಲ್ಯಾಕ್ಯುನಾರ್ ಇನ್‌ಫಾರ್ಕ್ಟ್’ ಎಂದಿದೆ. ಸಣ್ಣದರಲ್ಲೇ ಹೋಯಿತು, ಇನ್ನು ಚಿಂತೆಯಿಲ್ಲ ಎಂದು ಬಂಧುಗಳು ಹೇಳುತ್ತಿರುವುದರಿಂದ ಅಪ್ಪ ಬಿ.ಪಿ. ಗುಳಿಗೆಯನ್ನೇ ಬಿಡುವ ಮಾತಾಡುತ್ತಿದ್ದಾರೆ. ಲಕ್ವಾದ ಬಗೆ ಬೇರೆಯಾದರೆ ಆಯುಷ್ಯವೂ ಬೇರೆಯಾಗುವುದೇ? ಐದು, ಹತ್ತು ವರ್ಷಗಳ ಮಾತು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ವೈದ್ಯ, ಕಲಬುರಗಿ)

ದೊಡ್ಡಪ್ಪನವರ ವಿಷಯ ತಿಳಿದು ಬಹಳ ನೋವಾಯಿತು. ಬಗೆಯ ಪ್ರಕಾರ ಆಯುಷ್ಯ ಬೇರೆಯಾಗುತ್ತದೆ ಎಂಬುದು ನಿಜ. ಆದರೆ ನಿಮ್ಮ ಬಂಧುಗಳು ತಿಳಿದುಕೊಂಡಿರುವ ರೀತಿಯಲ್ಲಿ ಅಲ್ಲ.

ಹೃದಯದ ಬಡಿತ ತಾಳ ತಪ್ಪಿದಾಗ ಅದರ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೇಲಕ್ಕೆ ಹೋಗಿ ಮಿದುಳಿನ ದೊಡ್ಡ ರಕ್ತನಾಳವನ್ನೇ ಮುಚ್ಚುವುದರಿಂದ ಒಮ್ಮೆಲೇ ದೊಡ್ಡ ಭಾಗ ಸಾಯುತ್ತದೆ. ದೊಡ್ಡಪ್ಪನವರಿಗೆ ಆಗಿದ್ದು ಇದು. ಅಪ್ಪನಿಗೆ ಆಗಿರುವುದು ಮಿದುಳಿನ ಆಳದಲ್ಲಿರುವ, ಕೂದಲೆಳೆಯಂಥ ನಾಳವೊಂದು ಕಟ್ಟಿಕೊಂಡದ್ದು. ಅಲ್ಲಿ ಸಾಯುವ ಭಾಗ ಸಾಮಾನ್ಯವಾಗಿ 15 ಮಿಲಿಮೀಟರಿಗಿಂತ ಚಿಕ್ಕದು, ಹೆಚ್ಚಿನವರಲ್ಲಿ ಅದರ ಹಿಂದಿರುವುದು ಹಲವು ವರ್ಷಗಳ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ರೋಗಿಗಳ ಲೆಕ್ಕ 1991ರಲ್ಲಿ ಪ್ರಕಟವಾಯಿತು. ಮಿದುಳಿನ ಮುಂದಿನ ದೊಡ್ಡ ನಾಳಗಳಿಂದ ರಕ್ತ ಪಡೆಯುವ ಭಾಗ ಪೂರ್ತಿ ಹೊಡೆತ ತಿಂದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 60 ಮಂದಿ ತೀರಿಕೊಂಡಿದ್ದರೆ, ಲ್ಯಾಕ್ಯುನಾರ್ ಆದವರಲ್ಲಿ ಸುಮಾರು 11 ಮಂದಿ. ಜರ್ಮನಿಯ ಎರ್ಲಾಂಗೆನ್ ನಗರದ 2001ರ ವರದಿಯಲ್ಲಿ ಸಣ್ಣ ನಾಳದ ಲಕ್ವಾ ಆದವರಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ನೂರಕ್ಕೆ 85, ಹೃದಯದಿಂದ ಬಂದ ಲಕ್ವಾದಲ್ಲಿ 55. ಆಮೇಲೆ ಚಿಕಿತ್ಸೆ ಬಹಳ ಸುಧಾರಿಸಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬಹುದು, ಆಯ್ದ ಕೆಲವರಲ್ಲಿ ತಂತಿ ಹಾಕಿ ಹೆಪ್ಪನ್ನು 24 ಗಂಟೆಯವರೆಗೂ ತೆಗೆಯಬಹುದು. ಆದರೂ ಬಗೆಗಳ ನಡುವಿನ ಈ ಅಂತರ ಅಳಿದಿಲ್ಲ.

ಅಪ್ಪನ ವಿಷಯದಲ್ಲಿ ನನಗೆ ಕಳವಳ ಇರುವುದು ಮೊದಲ ವರ್ಷದ ಬಗ್ಗೆ ಅಲ್ಲ. ಲ್ಯಾಕ್ಯುನಾರ್ ಆದವರು ಮೊದಲ ಕೆಲವು ವರ್ಷ ಓರಗೆಯವರ ಹಾಗೆಯೇ ಇರುತ್ತಾರೆ. ಐದು ವರ್ಷ ದಾಟುವ ಹೊತ್ತಿಗೆ ಸಾವಿನ ಪ್ರಮಾಣ ಏರತೊಡಗುತ್ತದೆ, ಮತ್ತು ಆ ಸಾವುಗಳಲ್ಲಿ ಹೆಚ್ಚಿನವು ಹೃದಯ ಹಾಗೂ ರಕ್ತನಾಳದವು. ಅದಕ್ಕೂ ಮೊದಲೇ ನೆನಪು ಮಸುಕಾಗುವುದು, ನಡಿಗೆ ನಿಧಾನವಾಗುವುದು, ಸಿಡುಕು ಹೆಚ್ಚುವುದು ಕಾಣಿಸಬಹುದು. ಮನೆಯವರು ಅದನ್ನು ‘ವಯಸ್ಸಾಯಿತು’ ಎಂದುಕೊಂಡುಬಿಡುತ್ತಾರೆ, ಆದರೆ ಮುಚ್ಚಿಕೊಳ್ಳುತ್ತಿರುವುದು ಅವೇ ಸಣ್ಣ ನಾಳಗಳು. ಹಾಗಾಗಿ ಬಿ.ಪಿ. ಗುಳಿಗೆ ಬಿಡುವುದೆಂದರೆ ರೋಗದ ಬೇರಿಗೇ ನೀರೆರೆದಂತೆ. 2001ರ ‘ಪ್ರೋಗ್ರೆಸ್’ ಅಧ್ಯಯನದಲ್ಲಿ ಬಿ.ಪಿ. ಇಳಿಸಿದ್ದರಿಂದಲೇ ಮರುಕಳಿಸುವ ಲಕ್ವಾ ಶೇ. 28ರಷ್ಟು ಕಡಿಮೆಯಾಯಿತು. ಹೆಚ್ಚಿನವರಿಗೆ ಗುರಿ 130/80ಕ್ಕಿಂತ ಕೆಳಗೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್ ಗುಳಿಗೆಯನ್ನೂ ಬರೆದಿದ್ದರೆ ಎಷ್ಟು ದಿನ ಎಂದು ಕೇಳಿರಿ. ಲ್ಯಾಕ್ಯುನಾರ್ ಆದವರಿಗೆ ಎರಡನ್ನೂ ವರ್ಷಗಟ್ಟಲೆ ಕೊಟ್ಟರೆ ಲಾಭಕ್ಕಿಂತ ರಕ್ತಸ್ರಾವವೇ ಹೆಚ್ಚು.

ಕುತ್ತಿಗೆಯ ದೊಡ್ಡ ನಾಳದಲ್ಲಿ ಕೊಬ್ಬು ಕಟ್ಟಿ ಬರುವ ಮೂರನೆಯ ಬಗೆಯೂ ಒಂದಿದೆ. ಅದು ಮತ್ತೆ ಹೊಡೆಯುವುದು ಮೊದಲ ಕೆಲವು ವಾರಗಳಲ್ಲೇ ಹೆಚ್ಚು, ನಾಳ ಶೇ. 70ಕ್ಕಿಂತ ಹೆಚ್ಚು ಕಟ್ಟಿದ್ದರೆ ಎರಡು ವಾರದೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು. ಅಪ್ಪನಿಗೆ ಕುತ್ತಿಗೆಯ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮತ್ತು ಇ.ಸಿ.ಜಿ. ಆಗಿವೆಯೇ?

ಉತ್ತರ 2 (ಶೋರಾಪುರ, ಯಾದಗಿರಿ ಜಿಲ್ಲೆ)

ಅಣ್ಣಾವ್ರೆ, ನಮ್ಮ ಅವ್ವನದು ನಿಮ್ಮ ದೊಡ್ಡಪ್ಪನವರ ಬಗೆಯೇ. ಚಿಕ್ಕಂದಿನ ಕೀಲುಜ್ವರದಿಂದ ಅವಳ ಹೃದಯದ ಕವಾಟ ಕಿರಿದಾಗಿತ್ತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಗುಳಿಗೆ ನಡೆದಿತ್ತು. ಹಲ್ಲು ಕೀಳಿಸಲು ಹೋದಾಗ ಗುಳಿಗೆ ನಿಲ್ಲಿಸಿ ಎಂದವರು ಮತ್ತೆ ಯಾವಾಗ ಶುರು ಮಾಡಬೇಕೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂರನೆಯ ವಾರ ಲಕ್ವಾ ಹೊಡೆಯಿತು. ಅವಳು ಉಳಿದಳು, ಆದರೆ ಬಲಗೈ ಇಂದಿಗೂ ಮುಷ್ಟಿ ಬಿಚ್ಚಿಲ್ಲ. ಉಗುರು ಕತ್ತರಿಸಬೇಕಾದರೆ ಬೆಚ್ಚಗಿನ ನೀರಿನಲ್ಲಿ ಕೈ ಇರಿಸಿ ಒಂದೊಂದೇ ಬೆರಳು ಬಿಡಿಸಬೇಕು.

ಈಗ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂಬುದರ ಅಳತೆ) 2ರಿಂದ 3ರೊಳಗೆ ಇರುವಂತೆ ನೋಡಿಕೊಳ್ಳುತ್ತೇವೆ, ಪ್ರತಿ ತಿಂಗಳ ಅಂಕಿ ಒಂದು ಪುಸ್ತಕದಲ್ಲಿದೆ. ಪರೀಕ್ಷೆಯೇ ಬೇಡದ ಹೊಸ ಗುಳಿಗೆಗೆ ಬದಲಾಯಿಸಿ ಎಂದು ಯಾರಾದರೂ ಹೇಳಿದರೆ, ಕೀಲುಜ್ವರದ ಕವಾಟ ಇರುವವರಲ್ಲಿ ವಾರ್ಫರಿನ್ ಬಗೆಯ ಔಷಧಿಯೇ ಹೆಚ್ಚು ಜೀವ ಉಳಿಸಿತೆಂದು 2022ರ ದೊಡ್ಡ ಅಧ್ಯಯನವೊಂದು ತೋರಿಸಿದೆ ಎಂಬುದನ್ನು ನೆನಪಿಡಿರಿ. ಕವಾಟ ಸರಿಯಿದ್ದು ಬಡಿತ ಮಾತ್ರ ತಪ್ಪುವವರ ಮಾತು ಬೇರೆ. ಅವರಿಗೆ ಹೊಸ ಗುಳಿಗೆಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಉತ್ತರ 3 (ಫಿಸಿಯೋಥೆರಪಿಸ್ಟ್, ಬೀದರ್)

ಬದುಕಿ ಉಳಿಯುವುದರ ಜೊತೆಗೆ ಹೇಗೆ ಬದುಕುತ್ತಾರೆ ಎಂಬುದನ್ನೂ ಕೇಳಬೇಕು. ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. ಅಪ್ಪ ನಡೆಯುತ್ತಿದ್ದಾರೆಂದು ವ್ಯಾಯಾಮ ಬಿಡಿಸಬೇಡಿರಿ. ಎಡಗೈಯಿಂದಲೇ ಗುಂಡಿ ಹಾಕಿಕೊಳ್ಳಲಿ, ತೊಗರಿಬೇಳೆ ಆರಿಸಲಿ. ಮಾತು ಕಡಿಮೆಯಾಗಿ ಮೂಲೆ ಹಿಡಿದು ಕುಳಿತರೆ ಅದು ಖಿನ್ನತೆ ಇರಬಹುದು. ಲಕ್ವಾ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಬರುತ್ತದೆ, ಔಷಧಿಯೂ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಋಣಿಯಾಗಿದ್ದೇನೆ. ಡಾಕ್ಟರ್ ಸಾಹೇಬರೇ, ಇ.ಸಿ.ಜಿ. ಒಮ್ಮೆ ಆಗಿದೆ, ಡಾಪ್ಲರ್ ಆಗಿಲ್ಲ. ದೊಡ್ಡಪ್ಪನವರಿಗೆ ಬಡಿತದ ತೊಂದರೆ ಇದ್ದುದರಿಂದ ಅಪ್ಪನ ಬಡಿತವನ್ನೂ 24 ಗಂಟೆ ಅಳೆಸಬೇಕೆಂದು ಕೇಳಿಕೊಳ್ಳಲು ಸೋಮವಾರ ಇಬ್ಬರೂ ಕಲಬುರಗಿಗೆ ಹೊರಟಿದ್ದೇವೆ. ನಿನ್ನೆ ರಾತ್ರಿ ನಿಮ್ಮ ಉತ್ತರವನ್ನು ಅವರಿಗೆ ಓದಿ ಹೇಳಿದೆ. ಐದು ವರ್ಷದ ಮಾತು ಬಂದಾಗ ಮತ್ತೊಮ್ಮೆ ಓದು ಎಂದರು. ಇವತ್ತು ಬೆಳಿಗ್ಗೆ ಬಿ.ಪಿ. 158/94 ಇತ್ತು, ಗುಳಿಗೆಯನ್ನು ತಾವೇ ಕೇಳಿ ತೆಗೆದುಕೊಂಡರು.